ನಾಡದೋಣಿಯ ಔಟ್‌ಬೋರ್ಡ್ ಎಂಜಿನ್: ಮರುಜೋಡಣೆಯ ನಂತರದ ಪಿಸ್ಟನ್ ಸವೆತ ಮತ್ತು ಅದರ ಪತ್ತೆ

ದೋಣಿಯ ಹಿಂಬದಿಗೆ ತೂಗುಹಾಕುವ ಎರಡು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ನನ್ನು ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿ ಕೂಡಿಸಿದ ಬಳಿಕವೂ ಪಿಸ್ಟನ್ ಅಕಾಲದಲ್ಲಿ ಸವೆಯುವುದು, ಗೀರು ಬೀಳುವುದು ಅಥವಾ ಸಿಲಿಂಡರಿಗೆ ಕಚ್ಚಿಕೊಳ್ಳುವುದು ಕರಾವಳಿಯ ಮೀನುಗಾರರಿಗೆ ಪರಿಚಿತವಾದ ತೊಂದರೆ. ಎಂಜಿನ್ ಸೀಜ್ ಆಯಿತು, ಪಿಸ್ಟನ್ ಹಿಡಿಯಿತು, ರಿಂಗ್ ಹೋಯಿತು ಎಂಬ ಮಾತುಗಳೆಲ್ಲ ಇದರ ಬೇರೆ ಬೇರೆ ಹಂತಗಳನ್ನು ಸೂಚಿಸುತ್ತವೆ. ಹೊಸ ಪಿಸ್ಟನ್ ಬೇಗ ಕೆಟ್ಟರೆ ಅದರ ಮೂಲ ಬಹುಮಟ್ಟಿಗೆ ಪಿಸ್ಟನ್ನಿನಲ್ಲಿ ಇರುವುದಿಲ್ಲ. ಬೋರಿನ ಅಳತೆ, ಜೋಡಣೆಯ ಶುಚಿತ್ವ, ಎಣ್ಣೆಯ ಪ್ರಮಾಣ, ತಣಿಸುವ ನೀರು, ಇಂಧನ ಇವುಗಳಲ್ಲೊಂದು ತಪ್ಪಿರುತ್ತದೆ. ಯಾವುದು ತಪ್ಪಿದೆ ಎಂಬುದಕ್ಕೆ ಸಾಕ್ಷಿ ಕೆಟ್ಟ ಪಿಸ್ಟನ್ನಿನ ಮೈಮೇಲೆಯೇ ಉಳಿದಿರುತ್ತದೆ. ಅದನ್ನು ಓದದೆ ಇನ್ನೊಂದು ಪಿಸ್ಟನ್ ಹಾಕಿದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ.

ಪ್ರದೇಶ ಮತ್ತು ಬಳಕೆ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಮೀನುಗಾರಿಕೆ ಬೆಳೆದದ್ದು ನದೀಮುಖಗಳ ಆಸರೆಯಲ್ಲಿ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಅಣೆಕಟ್ಟಿಲ್ಲದೆ ಹರಿದು ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಸಮುದ್ರ ಸೇರುತ್ತದೆ. ಶರಾವತಿ ಹೊನ್ನಾವರದಲ್ಲಿ ಕಾಸರಕೋಡಿನ ಮಗ್ಗುಲಿಗೆ ಕಡಲು ಕೂಡುತ್ತದೆ. ಭಟ್ಕಳ ತಾಲ್ಲೂಕಿನಲ್ಲಿ ವೆಂಕಟಾಪುರ ಹೊಳೆಯ ಬಾಯಲ್ಲಿ ತೆಂಗಿನಗುಂಡಿ ಬಂದರಿದೆ. ಅಘನಾಶಿನಿಯ ಅಳಿವೆ ಪ್ರದೇಶದ 4,801 ಹೆಕ್ಟೇರು 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಬಳಚು, ಸಿಗಡಿ, ಏಡಿ, ನೊಗಲಿ ಹಿಡಿಯುವವರು ಇಲ್ಲಿ ಪಾತಿದೋಣಿಯಲ್ಲೂ ಎಂಜಿನ್ ದೋಣಿಯಲ್ಲೂ ದುಡಿಯುತ್ತಾರೆ. ಹರಿಕಂತ್ರ, ಖಾರ್ವಿ, ಅಂಬಿಗ, ಮೊಗೇರ, ಗಾಬಿತ, ದಾಲ್ದಿ ಸಮುದಾಯಗಳ ಬದುಕು ಈ ನೀರಿನೊಂದಿಗೆ ಹೆಣೆದುಕೊಂಡಿದೆ.

ದಡದಿಂದ ಎಳೆಯುವ ರಂಪಣಿ ಬಲೆ 1970ರ ದಶಕದವರೆಗೂ ಈ ಕರಾವಳಿಯ ಮುಖ್ಯ ಮೀನುಗಾರಿಕೆಯಾಗಿತ್ತು. ಆ ದಶಕದ ಉತ್ತರಾರ್ಧದಲ್ಲಿ ಸುತ್ತುಬಲೆಯ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಮೀನು ಹುಡುಕಿಕೊಂಡು ದೂರ ಹೋಗಬೇಕಾದ ಸಣ್ಣ ದೋಣಿಗಳಿಗೆ ಹುಟ್ಟು ಮತ್ತು ಹಾಯಿ ಸಾಲದಾದವು. 1980ರ ದಶಕದಿಂದ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ಸೇರುತ್ತ ಬಂದಿತು. ಅಗ್ಗದ ಸೀಮೆಎಣ್ಣೆಯಲ್ಲಿ ಓಡುವ ಯಮಹಾ, ಸುಜುಕಿ ಮುಂತಾದ ಜಪಾನಿ ಎಂಜಿನ್ನುಗಳು ಇಲ್ಲಿ ನೆಲೆಯೂರಿದವು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ನಾಡದೋಣಿಗಳೂ ಈ ನಿಷೇಧಕ್ಕೆ ಒಳಪಡುತ್ತವೆ. ದೊಡ್ಡ ಎಂಜಿನ್ನುಗಳನ್ನು ಬಿಚ್ಚಿ ಕೂಡಿಸಲು ಬಿಡುವು ಸಿಗುವುದು ಈ ಎರಡು ತಿಂಗಳಲ್ಲಿ. ಹೀಗೆ ಮಳೆಗಾಲದಲ್ಲಿ ಕೂಡಿಸಿದ ಎಂಜಿನ್ನಿಗೆ ಆಗಸ್ಟ್ ತಿಂಗಳ ಮೊದಲ ಸವಾರಿಯಲ್ಲೇ ಪೂರ್ಣ ಹೊರೆ ಬೀಳುತ್ತದೆ. ಕಡಲು ಆಗಿನ್ನೂ ಪೂರ್ತಿ ಶಾಂತವಾಗಿರುವುದಿಲ್ಲ. ಅಳಿವೆಯ ಬಾಯಿ ದಾಟುವಾಗ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡವಾಗಿ ತಿರುಗಿ ಮಗುಚುವ ಅಪಾಯವಿದೆ. ಪಿಸ್ಟನ್ನಿನ ಆರೋಗ್ಯ ಈ ಊರುಗಳಲ್ಲಿ ಜೀವದ ಪ್ರಶ್ನೆಯೂ ಹೌದು.

ಎಂಜಿನ್ನಿನ ರಚನೆ

ನಾಡದೋಣಿಯ ಔಟ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಮಲಗಿಸಿದ ಎರಡು ಸಿಲಿಂಡರುಗಳಿರುತ್ತವೆ. ಕ್ರ್ಯಾಂಕ್‌ಶಾಫ್ಟ್ ಲಂಬವಾಗಿ ನಿಂತಿರುತ್ತದೆ. ಬಹಳ ಬಳಕೆಯಲ್ಲಿರುವ ಯಮಹಾದ 15 ಅಶ್ವಶಕ್ತಿಯ ಎರಡು ಸ್ಟ್ರೋಕ್ ಮಾದರಿಯಲ್ಲಿ ಬೋರ್ 56 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ಒಟ್ಟು ಗಾತ್ರ 246 ಘನ ಸೆಂ.ಮೀ. ಎರಡು ಸ್ಟ್ರೋಕಿನ ಎಂಜಿನ್ನಿನ ಸಿಲಿಂಡರಿಗೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪ್ರತ್ಯೇಕ ಎಣ್ಣೆ ತೊಟ್ಟಿಯೂ ಇಲ್ಲ. ಇಂಧನದಲ್ಲಿ ಬೆರೆತ ಎಣ್ಣೆ ಕ್ರ್ಯಾಂಕ್ ಕೋಣೆಯ ಮೂಲಕ ಹಾಯುತ್ತ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಿ, ಕೊನೆಗೆ ಇಂಧನದೊಂದಿಗೆ ಉರಿದುಹೋಗುತ್ತದೆ. ಇಂಧನ ಮಿಶ್ರಣ ತೆಳುವಾದರೆ ಉಷ್ಣತೆ ಏರುವುದರ ಜೊತೆಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಎರಡು ಸ್ಟ್ರೋಕಿನ ಪಿಸ್ಟನ್ ಇಷ್ಟು ಸೂಕ್ಷ್ಮವಾಗಿರುವುದು ಇದರಿಂದಲೇ.

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಸಿಲಿಂಡರಿನ ಒಳಗೋಡೆ ಹೆಚ್ಚಾಗಿ ಎರಕದ ಕಬ್ಬಿಣದ್ದು. ಒಂದೇ ಉಷ್ಣತೆಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಅದಕ್ಕಾಗಿ ಇವೆರಡರ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಸಣ್ಣ ಎಂಜಿನ್ನುಗಳಲ್ಲಿ ಇದು 0.03ರಿಂದ 0.08 ಮಿ.ಮೀ. ವ್ಯಾಪ್ತಿಯಲ್ಲಿರುತ್ತದೆ. ಪ್ರತಿ ಮಾದರಿಗೂ ತಯಾರಕರ ಕೈಪಿಡಿ ನಿಖರ ಅಂಕಿ ಕೊಡುತ್ತದೆ. ಸಂದು ಕಿರಿದಾದರೆ ಪಿಸ್ಟನ್ ಕಚ್ಚುತ್ತದೆ. ಹಿರಿದಾದರೆ ಅದು ಓಲಾಡಿ ಸದ್ದು ಮಾಡುತ್ತದೆ, ರಿಂಗುಗಳು ಗೋಡೆಗೆ ಸರಿಯಾಗಿ ಕೂರುವುದಿಲ್ಲ.

ಪಿಸ್ಟನ್ ಮೇಲಿನ ಗುರುತುಗಳು

ಪತ್ತೆಯ ಮುಖ್ಯ ಆಧಾರ ಗುರುತುಗಳ ಜಾಗ. ಗೀರು ಎಷ್ಟು ಆಳ ಎಂಬುದಕ್ಕಿಂತ ಯಾವ ಬದಿಗೆ ಬಿದ್ದಿದೆ ಎಂಬುದು ಹೆಚ್ಚು ಹೇಳುತ್ತದೆ.

ಸುತ್ತಲೂ ಹೆಚ್ಚುಕಡಿಮೆ ಸಮನಾಗಿ ಉಜ್ಜಿದ ಗುರುತಿದ್ದರೆ ಸಂದು ಸಾಲದು ಎಂದರ್ಥ. ಬೋರ್ ಮಾಡುವಾಗ ಅಳತೆ ತಪ್ಪಿದೆ. ಪಿಸ್ಟನ್ನಿನ ನಾಲ್ಕು ಮೂಲೆಗಳಲ್ಲಿ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ ಎರಡೂ ಮಗ್ಗುಲಿಗೆ ಲಂಬವಾದ ಪಟ್ಟಿಗಳು ಕಂಡರೆ ಎಂಜಿನ್ ಕಾಯುವ ಮೊದಲೇ ಪೂರ್ತಿ ವೇಗ ಕೊಟ್ಟಿರುವ ಸಾಧ್ಯತೆ ದೊಡ್ಡದು. ಸಿಲಿಂಡರ್ ಇನ್ನೂ ತಣ್ಣಗಿರುವಾಗ ಪಿಸ್ಟನ್ ಮಾತ್ರ ಹಿಗ್ಗಿ, ಪಿನ್ ಹಿಡಿದಿರುವ ದಪ್ಪ ಭಾಗಗಳ ಬಳಿ ಗೋಡೆಗೆ ಒತ್ತಿಕೊಂಡಿರುತ್ತದೆ.

ಹೊಗೆ ಹೊರಹೋಗುವ ಕಿಂಡಿಯ ಬದಿಯಲ್ಲಷ್ಟೇ ಗೀರುಗಳಿದ್ದರೆ ಅತಿ ಉಷ್ಣತೆ ಕಾರಣ. ಪಿಸ್ಟನ್ನಿನ ಅತಿ ಬಿಸಿಯಾದ ಮಗ್ಗುಲು ಅದು. ಎಣ್ಣೆಯ ಪದರು ಮೊದಲು ಒಣಗುವುದು ಅಲ್ಲೇ. ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡು ಮಿಶ್ರಣ ತೆಳುವಾಗಿರಬಹುದು, ಎಲ್ಲಿಂದಲೋ ಗಾಳಿ ಸೋರುತ್ತಿರಬಹುದು, ತಣಿಸುವ ನೀರು ಸಾಲದೆ ಹೋಗಿರಬಹುದು. ಹೊಗೆ ಕಿಂಡಿಯ ನಡುವೆ ಕಂಬವಿರುವ ಸಿಲಿಂಡರಿನಲ್ಲಿ ಸರಿಯಾಗಿ ಆ ಕಂಬದ ಅಗಲಕ್ಕೆ ಒಂದೇ ಗೀರು ಬಿದ್ದಿದ್ದರೆ, ಬಿಸಿಗೆ ಕಂಬ ಉಬ್ಬಿ ಪಿಸ್ಟನ್ನಿಗೆ ತಾಗಿದೆ. ಬೋರ್ ಮಾಡಿದ ಮೇಲೆ ಕಂಬವನ್ನು ತುಸು ಉಜ್ಜಿ ಹಿಂದೆ ಸರಿಸದೆ ಬಿಟ್ಟಾಗ ಹೀಗಾಗುತ್ತದೆ.

ಗೀರಿಲ್ಲದೆ ಸ್ಕರ್ಟ್, ಅಂದರೆ ಪಿಸ್ಟನ್ನಿನ ಕೆಳಪಾರ್ಶ್ವ, ಬೂದುಬಣ್ಣಕ್ಕೆ ತಿರುಗಿ, ತಯಾರಿಕೆಯ ಸಣ್ಣ ಗೆರೆಗಳೆಲ್ಲ ಅಳಿಸಿಹೋಗಿದ್ದರೆ ಅದು ಅರೆತ. ಮರಳು, ಧೂಳು ಅಥವಾ ಬೋರ್ ಆದ ಮೇಲೆ ಗೋಡೆಯನ್ನು ಉಜ್ಜುವ ಹೋನಿಂಗ್ ಕಲ್ಲಿನ ಪುಡಿ ಒಳಗೆ ಉಳಿದಿರುತ್ತದೆ. ಮರುಜೋಡಣೆಯಾದ ಕೆಲವೇ ವಾರಗಳಲ್ಲಿ ಇದು ಕಂಡರೆ ಮೊದಲು ಸಂಶಯಿಸಬೇಕಾದದ್ದು ಸಿಲಿಂಡರನ್ನು ತೊಳೆದ ರೀತಿಯನ್ನು.

ರಿಂಗುಗಳ ಕೆಳಗೆ ಕಂದು ಅಥವಾ ಕಪ್ಪು ಬಣ್ಣ ಇಳಿದಿದ್ದರೆ ಉರಿದ ಅನಿಲ ರಿಂಗುಗಳನ್ನು ದಾಟಿ ಕೆಳಗೆ ಹೋಗುತ್ತಿದೆ. ರಿಂಗ್ ಇನ್ನೂ ಕೂತಿಲ್ಲ, ಇಲ್ಲವೇ ಮಸಿ ಮೆತ್ತಿ ತನ್ನ ತೋಡಿನಲ್ಲೇ ಸಿಕ್ಕಿಬಿದ್ದಿದೆ. ಸೀಮೆಎಣ್ಣೆ ಎಂಜಿನ್ನಿನಲ್ಲಿ ಎರಡನೆಯ ಕಾರಣ ಹೆಚ್ಚು. ಪಿಸ್ಟನ್ನಿನ ತಲೆಯ ಅಂಚಿನಲ್ಲಿ ಮರಳು ಎರಚಿದಂಥ ಸಣ್ಣ ಕುಳಿಗಳಿದ್ದರೆ ಅದು ಇಂಧನ ಸ್ಫೋಟಿಸಿ ಉರಿದ ಲಕ್ಷಣ. ತಲೆ ಕರಗಿ ನಡುವೆ ತೂತಾಗಿದ್ದರೆ ಕಿಡಿ ಹಾರುವ ಮುನ್ನವೇ ಇಂಧನ ಹೊತ್ತಿಕೊಂಡಿದೆ. ಎರಡು ತಲೆಗಳಲ್ಲಿ ಒಂದು ಮಾತ್ರ ಮಸಿಯಿಲ್ಲದೆ ತೊಳೆದಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ನೀರು ನುಗ್ಗಿದೆ. ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಪಿನ್ನಿನ ತೂತಿನಿಂದ ಹೊರಟ ಒಂದೇ ಆಳವಾದ ನೇರ ಗೀರು ಬಿಚ್ಚಿಕೊಂಡ ಸರ್ಕ್ಲಿಪ್ಪಿನ, ಅಂದರೆ ಪಿನ್ನನ್ನು ಹಿಡಿದಿಡುವ ತಂತಿಬಳೆಯ, ಕೆಲಸ.

ಎರಡು ಪಿಸ್ಟನ್ನುಗಳನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅವಶ್ಯ. ಎರಡರಲ್ಲೂ ಒಂದೇ ಗುರುತಿದ್ದರೆ ಎಣ್ಣೆಯ ಪ್ರಮಾಣ, ಇಂಧನ, ನೀರಿನ ಪಂಪು ಮುಂತಾದ ಸಮಾನ ಕಾರಣ ಹುಡುಕಬೇಕು. ಮೇಲಿನ ಸಿಲಿಂಡರ್ ಮಾತ್ರ ಹಾಳಾಗಿದ್ದರೆ ಎರಡು ಸಂಶಯಗಳು ಮುಂದೆ ನಿಲ್ಲುತ್ತವೆ: ತಣಿಸುವ ನೀರು ಕಡಿಮೆಯಾದಾಗ ಮೊದಲು ಬರಿದಾಗುವುದು ಮೇಲ್ಭಾಗ, ಫ್ಲೈವೀಲಿನ ಕೆಳಗಿನ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿದ್ದರೆ ಗಾಳಿ ಸೇರಿ ಮಿಶ್ರಣ ತೆಳುವಾಗುವುದೂ ಮೇಲಿನ ಸಿಲಿಂಡರಿಗೇ.

ಬಿಚ್ಚುವ ಮುನ್ನ ಮಾಡುವ ಪರೀಕ್ಷೆಗಳು

ಎಂಜಿನ್ ಇನ್ನೂ ತಿರುಗುತ್ತಿದ್ದರೆ ಮೊದಲ ಹಂತ ಕಂಪ್ರೆಷನ್ ಪರೀಕ್ಷೆ. ಎರಡೂ ಸ್ಪಾರ್ಕ್ ಪ್ಲಗ್ ತೆಗೆದು, ಇಗ್ನಿಷನ್ ತಪ್ಪಿಸಿ, ಥ್ರಾಟಲ್ ಪೂರ್ತಿ ತೆರೆದು, ಮಾಪಕದ ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಸೀಮೆಎಣ್ಣೆ ಮಾದರಿಗಳಲ್ಲಿ ಸಂಕೋಚನ ಅನುಪಾತವನ್ನೇ ಕಡಿಮೆ ಇಟ್ಟಿರುವುದರಿಂದ ಪೆಟ್ರೋಲ್ ಎಂಜಿನ್ನಿನ ಅಂಕಿಗೆ ಹೋಲಿಸಿ ಹೆದರಬೇಕಿಲ್ಲ. ಎರಡು ಸಿಲಿಂಡರುಗಳ ನಡುವೆ ಶೇ. 10ರಿಂದ 15ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆ ಇರುವುದರಲ್ಲಿ ದೋಷವಿದೆ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಗ್ಯಾಸ್ಕೆಟ್ ಕಡೆ ನೋಡಬೇಕು.

ಎರಡನೆಯದು ಕಣ್ಣಿನ ಪರೀಕ್ಷೆ. ಬಹಳಷ್ಟು ಔಟ್‌ಬೋರ್ಡುಗಳಲ್ಲಿ ಹೊಗೆ ಮಾರ್ಗದ ಮುಚ್ಚಳ ತೆಗೆದರೆ ಕಿಂಡಿಯಿಂದ ಪಿಸ್ಟನ್ನಿನ ಬದಿ ಮತ್ತು ರಿಂಗುಗಳು ಕಾಣುತ್ತವೆ. ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸುತ್ತ ಟಾರ್ಚ್ ಬಿಟ್ಟು ನೋಡಬಹುದು. ಮರದ ಕಡ್ಡಿಯಿಂದ ರಿಂಗನ್ನು ಒತ್ತಿದಾಗ ಅದು ಸ್ಪ್ರಿಂಗಿನಂತೆ ಹಿಂದಿರುಗಬೇಕು. ಇಡೀ ಎಂಜಿನ್ ಬಿಚ್ಚುವ ಖರ್ಚು ಈ ಒಂದು ನೋಟದಿಂದ ಎಷ್ಟೋ ಸಲ ಉಳಿಯುತ್ತದೆ.

ಮೂರನೆಯದು ಸೋರಿಕೆ ಪರೀಕ್ಷೆ. ಕಾರ್ಬುರೇಟರ್ ಮತ್ತು ಹೊಗೆ ದಾರಿಗಳನ್ನು ಮುಚ್ಚಿ ಕ್ರ್ಯಾಂಕ್ ಕೋಣೆಗೆ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಿ, ಅದು ಇಳಿಯುತ್ತದೆಯೇ ಎಂದು ಕೆಲವು ನಿಮಿಷ ಕಾಯುತ್ತಾರೆ. ಇಳಿದರೆ ಸೀಲ್ ಮತ್ತು ಜೋಡುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುವ ಜಾಗ ಹುಡುಕಬೇಕು. ಮರುಜೋಡಣೆಯಾದ ಎಂಜಿನ್ನಿಗೆ ಈ ಪರೀಕ್ಷೆಯನ್ನು ಓಡಿಸುವ ಮೊದಲೇ ಮಾಡಿದರೆ ಹೊಸ ಪಿಸ್ಟನ್ನೊಂದು ಉಳಿದಂತೆ.

ಅಳತೆ

ಸವೆತವನ್ನು ಕಣ್ಣು ಗುರುತಿಸುತ್ತದೆ. ಖಚಿತಪಡಿಸುವುದು ಮೈಕ್ರೋಮೀಟರ್ ಮತ್ತು ಬೋರ್ ಗೇಜ್. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಪರಸ್ಪರ ಅಡ್ಡವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸ ಟೇಪರ್. ಎರಡು ದಿಕ್ಕುಗಳ ವ್ಯತ್ಯಾಸ ಅಂಡಾಕಾರ. ಹಲವು ಕೈಪಿಡಿಗಳಲ್ಲಿ ಟೇಪರಿಗೆ 0.08 ಮಿ.ಮೀ., ಅಂಡಾಕಾರಕ್ಕೆ 0.05 ಮಿ.ಮೀ. ಮಿತಿಯಿದೆ. ಪಿಸ್ಟನ್ನನ್ನು ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ, ಸ್ಕರ್ಟಿನ ಕೆಳ ಅಂಚಿನಿಂದ ಕೈಪಿಡಿ ಹೇಳುವಷ್ಟು ಮೇಲೆ ಅಳೆಯಬೇಕು. ಅನೇಕ ಮಾದರಿಗಳಲ್ಲಿ ಅದು 10 ಮಿ.ಮೀ. ಪಿಸ್ಟನ್ ಪೂರ್ತಿ ದುಂಡಗೂ ಇರುವುದಿಲ್ಲ, ಮೇಲಿನಿಂದ ಕೆಳಗೆ ಒಂದೇ ಅಗಲವೂ ಇರುವುದಿಲ್ಲ. ಆದ್ದರಿಂದ ಬೇರೆ ಜಾಗದಲ್ಲಿ ಅಳೆದ ಅಂಕಿಗೆ ಬೆಲೆಯಿಲ್ಲ. ಬೋರಿನ ಅಳತೆಯಿಂದ ಪಿಸ್ಟನ್ನಿನ ಅಳತೆ ಕಳೆದರೆ ಸಂದು ಸಿಗುತ್ತದೆ.

ರಿಂಗಿನ ತುದಿಗಳ ನಡುವಿನ ತೆರವನ್ನೂ ನೋಡಬೇಕು. ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಳಕ್ಕೆ ತಳ್ಳಿ, ಫೀಲರ್ ಗೇಜಿನಿಂದ ಅಳೆಯುತ್ತಾರೆ. ತೆರವು ಸಾಲದಿದ್ದರೆ ಬಿಸಿಗೆ ತುದಿಗಳು ಕೂಡಿಕೊಂಡು ರಿಂಗ್ ಮುರಿಯುತ್ತದೆ.

ಕಚ್ಚಿಕೊಂಡ ಸಿಲಿಂಡರಿನಲ್ಲಿ ಕಾಣುವ ಗೆರೆಗಳೆಲ್ಲ ಗೋಡೆಯ ಗಾಯಗಳಲ್ಲ. ಎಷ್ಟೋ ಸಲ ಅವು ಗೋಡೆಗೆ ಮೆತ್ತಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ. ಹೈಡ್ರೋಕ್ಲೋರಿಕ್ ಆಮ್ಲವನ್ನು ಎಚ್ಚರದಿಂದ ಆ ಜಾಗಕ್ಕಷ್ಟೇ ಹಚ್ಚಿದರೆ ಅಲ್ಯೂಮಿನಿಯಂ ಕರಗುತ್ತದೆ, ಕೂಡಲೇ ನೀರಿನಿಂದ ತೊಳೆದು ಎಣ್ಣೆ ಸವರಬೇಕು. ಆಮೇಲೂ ಉಗುರಿಗೆ ತಾಗುವ ಗೀರು ಉಳಿದರೆ ಮಾತ್ರ ಮುಂದಿನ ಅಳತೆಗೆ, ಅಂದರೆ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ನಿಗೆ ಬೋರ್ ಮಾಡಿಸಬೇಕು.

ಮರುಜೋಡಣೆಯಲ್ಲಿ ಆಗುವ ತಪ್ಪುಗಳು

ಬೋರಿಂಗ್ ಅಂಗಡಿಗೆ ಸಿಲಿಂಡರ್ ಮಾತ್ರ ಕಳಿಸಿ ಪಿಸ್ಟನ್ ಕಳಿಸದಿರುವುದು ಮೊದಲ ತಪ್ಪು. ಒಂದೇ ಪೆಟ್ಟಿಗೆಯ ಗುರುತಿರುವ ಪಿಸ್ಟನ್ನುಗಳಲ್ಲೂ ಸೂಕ್ಷ್ಮ ವ್ಯತ್ಯಾಸವಿರುತ್ತದೆ. ಕೈಯಲ್ಲಿರುವ ಪಿಸ್ಟನ್ನನ್ನೇ ಅಳೆದು ಬೋರ್ ಮಾಡಬೇಕು. ಬೋರ್ ಆದ ಮೇಲೆ ಕಿಂಡಿಗಳ ಅಂಚು ಕತ್ತಿಯಂತೆ ಹರಿತವಾಗಿರುತ್ತದೆ. ಅದನ್ನು ಮೃದುವಾಗಿ ಉಜ್ಜದಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ. ಗೋಡೆಗೆ ಹೋನಿಂಗಿನ ಅಡ್ಡಗೆರೆಗಳು ಬೇಕು. ಎಣ್ಣೆ ನಿಲ್ಲುವುದೂ ರಿಂಗ್ ಕೂರುವುದೂ ಅವುಗಳಿಂದ.

ಹೋನಿಂಗ್ ಆದ ಸಿಲಿಂಡರನ್ನು ಪೆಟ್ರೋಲಿನಿಂದ ಒರೆಸಿದರೆ ಸಾಲದು. ಗೆರೆಗಳೊಳಗೆ ಕೂತ ಕಲ್ಲುಪುಡಿ ಬಿಡುವುದು ಬಿಸಿ ಸಾಬೂನು ನೀರು ಮತ್ತು ಬ್ರಶ್ಶಿಗೆ. ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆಯಬೇಕು, ತೊಳೆದ ತಕ್ಷಣ ಎಣ್ಣೆ ಹಚ್ಚಬೇಕು. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಬರಿ ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತದೆ.

ಪಿಸ್ಟನ್ನಿನ ತಲೆಯ ಮೇಲಿನ ಬಾಣ ಅಥವಾ ಗುರುತು ಕೈಪಿಡಿ ಹೇಳುವ ದಿಕ್ಕಿಗೇ ಇರಬೇಕು. ರಿಂಗಿನ ತುದಿಗಳು ತೋಡಿನಲ್ಲಿರುವ ಸಣ್ಣ ಪಿನ್ನಿಗೆ ಕೂಡಿರಬೇಕು. ಪಿಸ್ಟನ್ ತಿರುಗಾಮುರುಗಾ ಆದರೆ ರಿಂಗಿನ ತುದಿ ಕಿಂಡಿಯೊಳಗೆ ಇಣುಕಿ ಮುರಿಯುತ್ತದೆ. ಹಳೆಯ ಸರ್ಕ್ಲಿಪ್, ಹಳೆಯ ಗ್ಯಾಸ್ಕೆಟ್, ಹಳೆಯ ಆಯಿಲ್ ಸೀಲ್ ಮತ್ತೆ ಹಾಕುವುದು ಸಣ್ಣ ಉಳಿತಾಯಕ್ಕೆ ದೊಡ್ಡ ನಷ್ಟ. ಒಮ್ಮೆ ಸೀಜ್ ಆದ ಎಂಜಿನ್ನಿನ ಕ್ರ್ಯಾಂಕ್ ಕೋಣೆಯಲ್ಲಿ ಲೋಹದ ಪುಡಿ ಇರುತ್ತದೆ. ಮೇಲ್ಭಾಗ ಮಾತ್ರ ಹೊಸದು ಮಾಡಿ ಕೆಳಗಿನ ಬೇರಿಂಗುಗಳನ್ನು ತೊಳೆಯದೆ ಬಿಟ್ಟರೆ ಆ ಪುಡಿ ಹೊಸ ಪಿಸ್ಟನ್ನಿಗೆ ಬರುತ್ತದೆ.

ಪಳಗಿಸುವ ಅವಧಿ

ಹೊಸ ರಿಂಗ್ ಮತ್ತು ಬೋರ್ ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ಯಮಹಾ ತನ್ನ ಎರಡು ಸ್ಟ್ರೋಕಿನ, ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನುಗಳಿಗೆ 10 ಗಂಟೆಗಳ ಪಳಗಿಸುವ ಅವಧಿ ಹೇಳುತ್ತದೆ. ಮೊದಲ ಗಂಟೆ ನಿಮಿಷಕ್ಕೆ 2,000 ಸುತ್ತು ಅಥವಾ ಅರ್ಧ ಥ್ರಾಟಲ್, ಎರಡನೆಯ ಗಂಟೆ 3,000 ಸುತ್ತು ಅಥವಾ ಮುಕ್ಕಾಲು ಥ್ರಾಟಲ್. ಉಳಿದ 8 ಗಂಟೆಗಳಲ್ಲಿ ಪೂರ್ಣ ವೇಗವನ್ನು ಒಂದೇ ಸಮನೆ 5 ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ಈ ಅವಧಿಯಲ್ಲಿ ಪೆಟ್ರೋಲಿಗೆ 25:1 ಪ್ರಮಾಣದಲ್ಲಿ ಎಣ್ಣೆ ಬೇಕು, ಅಂದರೆ 20 ಲೀಟರಿನ ಕ್ಯಾನಿಗೆ 800 ಮಿಲಿ. ಆಮೇಲೆ 50:1 ಸಾಕಾಗುವ ಮಾದರಿಗಳಲ್ಲಿ ಅದೇ ಕ್ಯಾನಿಗೆ 400 ಮಿಲಿ. ಸೀಮೆಎಣ್ಣೆ ಮಾದರಿಗಳಿಗೆ ಅವುಗಳದೇ ಕೈಪಿಡಿಯ ಪ್ರಮಾಣ ಅನುಸರಿಸಬೇಕು.

ಆಗಸ್ಟ್ ಮೊದಲ ವಾರದಲ್ಲಿ ಮೀನು ದಡದ ಹತ್ತಿರವಿರುವಾಗ 10 ಗಂಟೆ ನಿಧಾನ ಓಡಿಸುವುದು ಸಾಲ ಮಾಡಿ ಎಂಜಿನ್ ಕೂಡಿಸಿದವರಿಗೆ ಕಷ್ಟ. ಆದರೂ ಜುಲೈ ಕೊನೆಯ ವಾರದಲ್ಲೇ ನೀರಿನ ಡ್ರಮ್ಮಿನಲ್ಲಿ ಸ್ವಲ್ಪ ಓಡಿಸಿ ಸೋರಿಕೆ, ಸದ್ದು, ತಣಿಸುವ ನೀರು ಸರಿಯಿವೆಯೇ ಎಂದು ನೋಡಿಕೊಳ್ಳಬಹುದು. ಋತು ಆರಂಭವಾದ ಮೇಲೆ ಉಳಿದ ಗಂಟೆಗಳನ್ನು ಹೊಳೆಯೊಳಗೆ, ಹಗುರ ಹೊರೆಯಲ್ಲಿ ಮುಗಿಸಬಹುದು.

ಸ್ಥಳೀಯ ಕಾರಣಗಳು: ಅಳಿವೆಯ ನೀರು ಮತ್ತು ಸೀಮೆಎಣ್ಣೆ

ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ಕೆಳಗಿನ ಕಾಲಿನಲ್ಲಿರುವ ರಬ್ಬರ್ ಇಂಪೆಲ್ಲರ್ ಹೊಳೆ ಅಥವಾ ಕಡಲಿನ ನೀರನ್ನೇ ಎಳೆದು ಸಿಲಿಂಡರಿನ ಸುತ್ತ ಹಾಯಿಸಿ ಹೊರಬಿಡುತ್ತದೆ. ಉಬ್ಬರದ ನೀರು ಒಳನಾಡಿನ ಮಿರ್ಜಾನ್ ಊರಿನ ಆಚೆಗೂ ನುಗ್ಗುವ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಎಷ್ಟೋ ಕಡೆ ದೋಣಿ ಕೆಸರು ಮತ್ತು ಬಳಚಿನ ಚಿಪ್ಪಿನ ದಿಬ್ಬಗಳ ಮೇಲೆ ಸಾಗುತ್ತದೆ. ಹೊನ್ನಾವರದ ಅಳಿವೆಯಲ್ಲಿ ಮರಳು ತುಂಬುವುದು ಹಳೆಯ ಸಮಸ್ಯೆ. ಇಂಥ ನೀರಿನ ಮರಳು ಇಂಪೆಲ್ಲರಿನ ಅಂಚನ್ನು ತಿನ್ನುತ್ತದೆ, ಕೆಸರು ಕಿರಿದಾದ ನೀರುದಾರಿಗಳಲ್ಲಿ ಕೂರುತ್ತದೆ, ಉಪ್ಪು ಬಿಸಿ ಗೋಡೆಗೆ ಗಟ್ಟಿಯಾಗಿ ಅಂಟುತ್ತದೆ. ಬದಿಯಿಂದ ಚಿಮ್ಮುವ ಸೂಚಕ ನೀರಿನ ಧಾರೆ ಸಣ್ಣದಾದರೆ ಅಥವಾ ಆವಿಯಾದರೆ ಕೂಡಲೇ ವೇಗ ಇಳಿಸಬೇಕು. ಹೊಗೆ ಬದಿಯ ಗೀರು ಕಂಡ ಎಂಜಿನ್ನಿನಲ್ಲಿ ಇಂಪೆಲ್ಲರ್, ಥರ್ಮೋಸ್ಟಾಟ್ ಮತ್ತು ನೀರುದಾರಿಗಳನ್ನು ತೆರೆದು ನೋಡದೆ ಹೊಸ ಪಿಸ್ಟನ್ ಹಾಕಬಾರದು. ಪ್ರತಿದಿನದ ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ಕೆಲವು ನಿಮಿಷ ಓಡಿಸುವುದು ಅತ್ಯಂತ ಅಗ್ಗದ ರಕ್ಷಣೆ.

ಸೀಮೆಎಣ್ಣೆ ಪೆಟ್ರೋಲಿಗಿಂತ ನಿಧಾನ ಆವಿಯಾಗುತ್ತದೆ. ಆದ್ದರಿಂದ ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಪೆಟ್ರೋಲ್ ಉಳಿಸಲು ಬೇಗ ಸೀಮೆಎಣ್ಣೆಗೆ ಹೋದರೆ ಆವಿಯಾಗದ ಹನಿಗಳು ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತವೆ. ನಿಧಾನಗತಿಯಲ್ಲಿ ಬಹಳ ಹೊತ್ತು ಓಡಿಸಿದರೆ ಮಸಿ ಹೆಚ್ಚಿ ರಿಂಗ್ ಸಿಕ್ಕಿಬೀಳುತ್ತದೆ. ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯುವುದು, ದೋಣಿ ಎಂಜಿನ್ನಿಗೆಂದೇ ಮಾಡಿದ ಟಿಸಿ-ಡಬ್ಲ್ಯು3 ದರ್ಜೆಯ ಎಣ್ಣೆಯ ಬದಲು ಸಿಕ್ಕಿದ್ದನ್ನು ಬೆರೆಸುವುದು, ನೀರು ಸೇರಿದ ಇಂಧನ ಬಳಸುವುದು ಇವೂ ಸವೆತದ ಕಾರಣಗಳೇ.

ಹಿಮಬಂಡಿ ಎಂಜಿನ್ನಿನೊಂದಿಗೆ ಹೋಲಿಕೆ

ಶೀತದೇಶಗಳಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲುಗಳಲ್ಲೂ ಬಹುಕಾಲ ಇದೇ ಬಗೆಯ ಎರಡು ಸ್ಟ್ರೋಕಿನ ಎಂಜಿನ್ನುಗಳಿದ್ದವು. 1960ರಲ್ಲಿ ಮೊದಲ ಔಟ್‌ಬೋರ್ಡ್ ತಂದ ಯಮಹಾ 1968ರಲ್ಲಿ ತನ್ನ ಮೊದಲ ಸ್ನೋಮೊಬೈಲನ್ನೂ ಮಾರುಕಟ್ಟೆಗೆ ತಂದಿತು. ಪಿಸ್ಟನ್ ಓದುವ ವಿಧಾನ ಎರಡಕ್ಕೂ ಒಂದೇ. ಕಾರಣಗಳ ಸಾಧ್ಯತೆ ಮಾತ್ರ ಬೇರೆ. ಅಲ್ಲಿ ಕೊರೆವ ಚಳಿಯಲ್ಲಿ ಎಂಜಿನ್ ಕಾಯಿಸದೆ ಓಡಿಸಿ ಆಗುವ ನಾಲ್ಕು ಮೂಲೆಯ ಕಚ್ಚುವಿಕೆ ಹೆಚ್ಚು. ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ಜೆಟ್ ಬದಲಿಸದಿದ್ದರೆ ಮಿಶ್ರಣ ತೆಳುವಾಗುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿ ವರ್ಷವಿಡೀ ಬೆಚ್ಚಗಿರುತ್ತದೆ. ಹೀಗಾಗಿ ಇಲ್ಲಿ ನೀರು, ಮರಳು, ಉಪ್ಪು ಮತ್ತು ಇಂಧನದ ಮೇಲೆ ಮೊದಲ ಸಂಶಯ ಬೀಳಬೇಕು.

ಬದಲಾಗುತ್ತಿರುವ ಸ್ಥಿತಿ

ಸೀಮೆಎಣ್ಣೆಯ ಪೂರೈಕೆ ಕುಗ್ಗುತ್ತಿರುವುದರಿಂದ ಕರ್ನಾಟಕ ಸರ್ಕಾರ 2023–24ರ ಆಯವ್ಯಯದಲ್ಲಿ ನಾಡದೋಣಿಗಳ ಸೀಮೆಎಣ್ಣೆ ಎಂಜಿನ್ ಬದಲಿಸಲು ತಲಾ 50,000 ರೂಪಾಯಿ ಸಹಾಯಧನ ಪ್ರಕಟಿಸಿತು. ಹೀಗೆ ಬದಲಿಗೆ ಬರುವ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ನಿಗೆ ಬೇರೆಯೇ ಎಣ್ಣೆ ತೊಟ್ಟಿ ಇದೆ, ಗೋಡೆಯಲ್ಲಿ ಕಿಂಡಿಗಳಿಲ್ಲ. ಹೀಗಾಗಿ ಎಣ್ಣೆ ಬೆರಕೆಯ ತಪ್ಪು, ಕಿಂಡಿಯ ಕಂಬದ ಗೀರು ಮುಂತಾದವು ಅದರಲ್ಲಿ ಇಲ್ಲ. ತಣಿಸುವ ನೀರಿನ ಕೊರತೆ, ಬೋರಿನ ಅಳತೆ, ಜೋಡಣೆಯ ಶುಚಿತ್ವ ಇವು ಅದಕ್ಕೂ ಅನ್ವಯಿಸುತ್ತವೆ.

ಬಂದರುಗಳ ಮೆಕ್ಯಾನಿಕ್ಕುಗಳು ದಶಕಗಳಿಂದ ಗಳಿಸಿದ ಈ ತಿಳಿವಳಿಕೆ ಹೆಚ್ಚಾಗಿ ಕೈಯಿಂದ ಕೈಗೆ ಸಾಗಿಬಂದದ್ದು. ಅದನ್ನು ಗಟ್ಟಿಗೊಳಿಸಲು ದುಬಾರಿ ಯಂತ್ರ ಬೇಡ. ಪ್ರತಿ ಎಂಜಿನ್ನಿಗೂ ಒಂದು ಪುಸ್ತಕವಿಟ್ಟು ಬೋರಿನ ಅಳತೆ, ಪಿಸ್ಟನ್ನಿನ ಅಳತೆ, ಹಾಕಿದ ದಿನಾಂಕ, ಓಡಿದ ಗಂಟೆ, ಎಣ್ಣೆಯ ಪ್ರಮಾಣ ಬರೆದಿಡಬೇಕು. ತೆಗೆದ ಪಿಸ್ಟನ್ನಿಗೆ ಸಿಲಿಂಡರಿನ ಗುರುತು ಕಟ್ಟಿ ಜೋಪಾನ ಮಾಡಬೇಕು. ಗುಜರಿಗೆ ಹೋದ ಪಿಸ್ಟನ್ನಿಗೆ ಕೆಲವು ರೂಪಾಯಿ ಸಿಗಬಹುದು. ಕಾರಣ ತಿಳಿಯುವವರೆಗೆ ಅದನ್ನು ಉಳಿಸಿಕೊಂಡರೆ ಮುಂದಿನ ಎಂಜಿನ್ ಕೆಲಸದ ಖರ್ಚು ಉಳಿಯುತ್ತದೆ, ಅಳಿವೆ ದಾಟುವ ದೋಣಿಗೆ ನಂಬಿಕೆಯ ಎಂಜಿನ್ ಸಿಗುತ್ತದೆ.